ಬಿಪಿ, ಶುಗರ್ ಎರಡೂ ಇರುವವರ ಮನೆ ಆರೈಕೆ: ಯಾವುದು ಮೊದಲು, ಯಾವುದು ಆಮೇಲೆ

ಬಿಪಿ ಯಂತ್ರ ಇದೆ, ಗ್ಲುಕೋಮೀಟರ್ ಇದೆ, ಮಾತ್ರೆಯ ಡಬ್ಬಿ ಇದೆ, ನೋಡಿಕೊಳ್ಳುವವರೂ ಇದ್ದಾರೆ. ಆದರೂ ಪುಸ್ತಕದಲ್ಲಿ ಬರೆದಿಟ್ಟ ಅಂಕಿಗೂ ಲ್ಯಾಬಿನ ವರದಿಗೂ ತಾಳೆಯಾಗುವುದಿಲ್ಲ. ಒಂದು ದಿನ ಶುಗರ್ ಏರಿತೆಂದು ಗಾಬರಿ, ಮರುದಿನ ಇಳಿದು ಬೆವೆತರೆಂದು ಗಾಬರಿ. ಮನೆಗಳಿಗೆ ಹೋಗಿ ಆರೈಕೆ ಹೇಳಿಕೊಡುವ ನರ್ಸ್ ಆಗಿ ನಾನು ಮತ್ತೆ ಮತ್ತೆ ಕಾಣುವುದು ಇದನ್ನೇ. ಶ್ರದ್ಧೆಗೇನೂ ಕೊರತೆ ಇರುವುದಿಲ್ಲ, ಕೆಲಸಗಳು ಹಿಂದುಮುಂದಾಗಿರುತ್ತವೆ. ಮಾತ್ರೆ ನುಂಗಿಸಿದ ಮೇಲೆ ಬಿಪಿ ನೋಡುತ್ತಾರೆ. ಇನ್ಸುಲಿನ್ ಚುಚ್ಚಿದ ಮೇಲೆ ರೋಗಿಗೆ ಹಸಿವೇ ಇಲ್ಲವೆಂದು ಗೊತ್ತಾಗುತ್ತದೆ. ಎರಡು ಕಾಯಿಲೆ ಒಂದೇ ಮೈಯಲ್ಲಿರುವಾಗ ಒಂದರ ಔಷಧ ಇನ್ನೊಂದರ ಲಕ್ಷಣವನ್ನು ಮುಚ್ಚಿಡುವುದೂ ಉಂಟು. ಅದಕ್ಕೇ ಇಲ್ಲಿ ಕ್ರಮಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಡೋಸ್ ಹೆಚ್ಚುಕಮ್ಮಿ ಮಾಡುವ ಮಾತು ಇದರಲ್ಲಿಲ್ಲ, ಅದು ವೈದ್ಯರ ಕೆಲಸ.

ಶುರು ಮಾಡುವ ಮುನ್ನ: ಕೈಗೆಟುಕಬೇಕಾದ ಸಾಮಾನು

ತೋಳಿಗೆ ಕಟ್ಟುವ ಡಿಜಿಟಲ್ ಬಿಪಿ ಯಂತ್ರ, ತೋಳಿನ ಅಳತೆಗೆ ಸರಿಹೊಂದುವ ಪಟ್ಟಿ, ಗ್ಲುಕೋಮೀಟರ್, ಅದರದೇ ಸ್ಟ್ರಿಪ್, ಚುಚ್ಚುವ ಲ್ಯಾನ್ಸೆಟ್, ಬಳಸಿದ ಸೂಜಿ ಹಾಕಲು ಮುಚ್ಚಳವಿರುವ ಗಟ್ಟಿ ಡಬ್ಬಿ, ವಾರದ ಮಾತ್ರೆ ಡಬ್ಬಿ, ಪಾದದ ಅಡಿ ನೋಡಲು ಕನ್ನಡಿ, ಗ್ಲುಕೋಸ್ ಪುಡಿ, ಒಂದು ನೋಟ್‌ಬುಕ್. ಇವೆಲ್ಲ ಒಂದೇ ಕಡೆ ಇರಲಿ. ಗ್ಲುಕೋಸ್ ಮಾತ್ರ ಎರಡು ಕಡೆ ಇಡಿ, ಒಂದು ರೋಗಿಯ ಹಾಸಿಗೆಯ ಪಕ್ಕದಲ್ಲೇ ಇರಬೇಕು.

ತಪ್ಪಿನ ಮೊದಲ ಬೇರು ಬಿಪಿ ಪಟ್ಟಿಯಲ್ಲಿರುತ್ತದೆ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಬಿಪಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ತೋಳಿನ ನಡುಭಾಗದ ಸುತ್ತಳತೆಯನ್ನು ಟೇಪಿನಿಂದ ಅಳೆದು, ಪಟ್ಟಿಯ ಮೇಲೆ ಅಚ್ಚಾಗಿರುವ ಸೆಂಟಿಮೀಟರ್ ಮಿತಿಯೊಳಗೆ ಅದು ಬರುತ್ತದೆಯೇ ನೋಡಿ. ಮಣಿಕಟ್ಟಿಗೆ ಕಟ್ಟುವ ಯಂತ್ರ ಹಗುರ, ಅನುಕೂಲ, ಆದರೆ ಕೈ ಸ್ವಲ್ಪ ಮೇಲೆ ಕೆಳಗೆ ಆದರೂ ಅಂಕಿ ಬದಲಾಗುತ್ತದೆ. ತೋಳಿಗೆ ಕಟ್ಟಲು ಆಗುವವರಿಗೆ ಅದು ಬೇಡ ಎಂಬುದು ನನ್ನ ಅಭಿಪ್ರಾಯ.

ಹಂತ 1: ವೈದ್ಯರಿಂದ ಅಂಕಿಗಳನ್ನು ಬರೆಸಿಕೊಳ್ಳಿ

"ಕಂಟ್ರೋಲ್‌ನಲ್ಲಿ ಇಡಿ" ಅನ್ನುವ ಮಾತಿನಿಂದ ಮನೆಯವರಿಗೆ ಏನೂ ಸಿಗುವುದಿಲ್ಲ. ಮುಂದಿನ ಭೇಟಿಯಲ್ಲಿ ನಾಲ್ಕು ಸಾಲು ಬರೆಸಿಕೊಳ್ಳಿ: ಬಿಪಿ ಎಷ್ಟರೊಳಗೆ ಇರಬೇಕು, ಊಟಕ್ಕೆ ಮುಂಚೆ ಶುಗರ್ ಎಷ್ಟಿರಬೇಕು, ಊಟವಾದ ಮೇಲೆ ಎಷ್ಟು, ಎಷ್ಟು ದಾಟಿದರೆ ಅಥವಾ ಇಳಿದರೆ ಫೋನ್ ಮಾಡಬೇಕು.

ಅನೇಕ ವಯಸ್ಕರಿಗೆ ಕೊಡುವ ಗುರಿ ಹೀಗಿರುತ್ತದೆ: ಬಿಪಿ 130/80ಕ್ಕಿಂತ ಕಡಿಮೆ, ಊಟಕ್ಕೆ ಮುಂಚೆ ಶುಗರ್ 80ರಿಂದ 130, ಊಟ ಶುರುವಾದ ಎರಡು ಗಂಟೆಗೆ 180ರೊಳಗೆ, ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಶೇ 7ಕ್ಕಿಂತ ಕಡಿಮೆ. ಆದರೆ ತೀರಾ ವಯಸ್ಸಾದವರು, ಒಂಟಿಯಾಗಿರುವವರು, ಪದೇ ಪದೇ ಶುಗರ್ ಇಳಿಯುವವರು, ಮರೆವಿನ ಕಾಯಿಲೆ ಇರುವವರಿಗೆ ವೈದ್ಯರು ಬೇಕೆಂದೇ ಗುರಿಯನ್ನು ಸಡಿಲ ಮಾಡುತ್ತಾರೆ. ಪಕ್ಕದ ಮನೆಯವರ ಅಂಕಿಗೆ ಹೋಲಿಸಿ ಕೊರಗುವುದು ಬೇಡ. ಇಲ್ಲಿನ ಶುಗರ್ ಅಂಕಿಗಳೆಲ್ಲ ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕದವು. ನಿಮ್ಮ ಮೀಟರ್ ಮಿಲಿಮೋಲ್ ತೋರಿಸಿದರೆ ಅದನ್ನು 18ರಿಂದ ಗುಣಿಸಿಕೊಳ್ಳಿ.

ಹಂತ 2: ಬೆಳಗಿನ ಸರಣಿಯನ್ನು ಬದಲಿಸಬೇಡಿ

ಎದ್ದು ಮೂತ್ರಕ್ಕೆ ಹೋಗಿ ಬರುವುದು. ಐದು ನಿಮಿಷ ಸುಮ್ಮನೆ ಕೂರುವುದು. ಬಿಪಿ ನೋಡುವುದು. ಕೈ ತೊಳೆದು ಶುಗರ್ ನೋಡುವುದು. ಎರಡನ್ನೂ ಆಗಲೇ ಬರೆಯುವುದು. ತಿಂಡಿ ತಟ್ಟೆಗೆ ಬಂದ ಮೇಲೆ, ವೈದ್ಯರು ಹೇಳಿದ ಹೊತ್ತಿಗೆ ಸರಿಯಾಗಿ ಮಾತ್ರೆ ಅಥವಾ ಇನ್ಸುಲಿನ್. ಆಮೇಲೆ ತಿಂಡಿ.

ಬಿಪಿಯನ್ನು ಶುಗರ್‌ಗಿಂತ ಮುಂಚೆ ನೋಡುವುದಕ್ಕೆ ಕಾರಣವಿದೆ. ಬೆರಳಿಗೆ ಚುಚ್ಚಿದ ನೋವಿಗೇ ಕೆಲವರ ಬಿಪಿ ಏರುತ್ತದೆ. ಬಿಪಿಯನ್ನು ಮಾತ್ರೆಗಿಂತ ಮುಂಚೆ ನೋಡುವುದು ಹಿಂದಿನ ದಿನದ ಮಾತ್ರೆಯ ಪ್ರಭಾವ ಬೆಳಗಿನವರೆಗೂ ಉಳಿದಿದೆಯೇ ಎಂದು ತಿಳಿಯಲು. ಇನ್ನು, ತಿಂಡಿ ಕಣ್ಣಿಗೆ ಕಾಣುವವರೆಗೆ ಇನ್ಸುಲಿನ್ ಪೆನ್ನಿನ ಮುಚ್ಚಳ ತೆಗೆಯಬೇಡಿ ಎಂಬುದು ನಾನು ಎಲ್ಲ ಮನೆಗಳಲ್ಲೂ ಹಾಕುವ ನಿಯಮ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂಥ ಮಾತ್ರೆಗಳಿಗೂ ಇದೇ ನಿಯಮ. ಇವು ಹೊಟ್ಟೆಗೆ ಏನೂ ಬೀಳದಿದ್ದರೂ ಶುಗರ್ ಇಳಿಸುತ್ತಲೇ ಹೋಗುತ್ತವೆ.

ಹಂತ 3: ಬಿಪಿ ಅಳೆಯುವುದು

ಅಳೆಯುವ ಅರ್ಧ ಗಂಟೆ ಮುಂಚೆ ಕಾಫಿ, ಟೀ, ಸಿಗರೇಟು, ವ್ಯಾಯಾಮ ಬೇಡ. ಬೆನ್ನಿಗೆ ಒರಗು ಇರುವ ಕುರ್ಚಿಯಲ್ಲಿ ಕೂರಿಸಿ. ಎರಡೂ ಪಾದ ನೆಲಕ್ಕೆ ತಾಗಿರಲಿ, ಕಾಲ ಮೇಲೆ ಕಾಲು ಬೇಡ. ತೋಳು ಎದೆಯ ಮಟ್ಟಕ್ಕೆ ಬರುವಂತೆ ಮೇಜಿನ ಮೇಲೋ ದಿಂಬಿನ ಮೇಲೋ ಇಡಿ. ತೋಳನ್ನು ರೋಗಿಯೇ ಎತ್ತಿ ಹಿಡಿದುಕೊಂಡಿದ್ದರೆ ಅಂಕಿ ಕೆಡುತ್ತದೆ. ಪಟ್ಟಿ ಬರಿ ತೋಳಿನ ಮೇಲೆ, ಮೊಣಕೈ ಮಡಿಕೆಗಿಂತ ಎರಡು ಬೆರಳು ಮೇಲೆ ಇರಲಿ. ಯಂತ್ರ ಓಡುವಾಗ ಇಬ್ಬರೂ ಮಾತಾಡಬೇಡಿ. ಇದನ್ನು ಹೇಳಿದರೆ ನಗುತ್ತಾರೆ, ಆದರೆ ಮಾತಾಡುತ್ತಾ ಅಳೆದ ಬಿಪಿ ಹತ್ತು ಅಂಕಿ ಜಾಸ್ತಿ ಬರಬಹುದು.

ಮೊದಲ ದಿನ ಎರಡೂ ತೋಳು ನೋಡಿ. ಹೆಚ್ಚು ತೋರಿಸುವ ತೋಳನ್ನೇ ಮುಂದೆ ಕಾಯಂ ಮಾಡಿಕೊಳ್ಳಿ. ಪ್ರತಿ ಸಲ ಒಂದು ನಿಮಿಷದ ಅಂತರದಲ್ಲಿ ಎರಡು ಬಾರಿ ಅಳೆದು ಎರಡನ್ನೂ ಬರೆಯಿರಿ. ಇಷ್ಟವಾದ ಅಂಕಿ ಬರುವವರೆಗೆ ಆರೇಳು ಸಲ ಅಳೆದು ಕೊನೆಯದನ್ನು ಬರೆಯುವವರಿದ್ದಾರೆ, ಅದರಿಂದ ವೈದ್ಯರಿಗೆ ಏನೂ ತಿಳಿಯುವುದಿಲ್ಲ. ಭೇಟಿಗೆ ಮುಂಚಿನ ಏಳು ದಿನ ಬೆಳಿಗ್ಗೆ, ಸಂಜೆ ಹೀಗೆ ಅಳೆದು, ಮೊದಲ ದಿನದ್ದನ್ನು ಬಿಟ್ಟು ಉಳಿದವುಗಳ ಸರಾಸರಿ ತೆಗೆದರೆ ಅದೇ ನಿಜವಾದ ಮನೆಯ ಬಿಪಿ. ಈ ಸರಾಸರಿ ವೈದ್ಯರು ಬರೆದುಕೊಟ್ಟ ಗುರಿ ದಾಟಿದ್ದರೆ, ಅದರಲ್ಲೂ 135/85 ಅಥವಾ ಹೆಚ್ಚಿದ್ದರೆ, ವೈದ್ಯರಿಗೆ ತೋರಿಸಿ.

ಸಕ್ಕರೆ ಕಾಯಿಲೆ ಹಳೆಯದಾಗಿದ್ದರೆ ಇನ್ನೊಂದು ಅಳತೆ ಬೇಕು, ಇದನ್ನು ಮನೆಯಲ್ಲಿ ಯಾರೂ ಮಾಡುವುದಿಲ್ಲ. ಕೂತು ಅಳೆದ ಮೇಲೆ ರೋಗಿಯನ್ನು ಎಬ್ಬಿಸಿ ನಿಲ್ಲಿಸಿ, ನಿಂತು ಒಂದು ನಿಮಿಷವಾದಾಗ ಒಮ್ಮೆ, ಮೂರು ನಿಮಿಷವಾದಾಗ ಒಮ್ಮೆ ಮತ್ತೆ ಅಳೆಯಿರಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ನರಗಳು ಬಿಪಿಯನ್ನು ಹಿಡಿದಿಡಲು ಸೋಲುತ್ತಿರಬಹುದು. ರಾತ್ರಿ ಬಚ್ಚಲಿಗೆ ಹೋಗುವಾಗ ಬೀಳುವವರು ಇವರೇ. ಹಾಸಿಗೆಯಿಂದ ಎದ್ದು ಒಂದೆರಡು ನಿಮಿಷ ಅಂಚಿನಲ್ಲಿ ಕೂತು, ಪಾದ ಆಡಿಸಿ, ಆಮೇಲೆ ಏಳುವ ಅಭ್ಯಾಸ ಮಾಡಿಸಿ. ವೈದ್ಯರಿಗೂ ತಿಳಿಸಿ. ನಿಂತು ಅಳೆಯುವಾಗ ಪಕ್ಕದಲ್ಲಿ ಒಬ್ಬರು ಹಿಡಿದುಕೊಳ್ಳಲು ತಯಾರಾಗಿರಬೇಕು.

ಹಂತ 4: ಶುಗರ್ ನೋಡುವುದು

ಒಂದು ಸಂಜೆ ಮಗಳೊಬ್ಬಳು ಫೋನ್ ಮಾಡಿ, "ಸಿಸ್ಟರ್, ಅಪ್ಪನಿಗೆ 318 ತೋರಿಸ್ತಾ ಇದೆ, ಇನ್ಸುಲಿನ್ ಜಾಸ್ತಿ ಕೊಡ್ಲಾ?" ಎಂದಳು. ಅಪ್ಪ ಏನು ಮಾಡುತ್ತಿದ್ದರು ಎಂದು ಕೇಳಿದೆ. ಮೊಮ್ಮಗುವಿಗೆ ಹಣ್ಣು ಸುಲಿದು ಕೊಡುತ್ತಿದ್ದರಂತೆ. ಸೋಪು ಹಾಕಿ ಕೈ ತೊಳೆದು, ಒರೆಸಿ, ಬೇರೆ ಬೆರಳಲ್ಲಿ ನೋಡಲು ಹೇಳಿದೆ. 146 ಬಂತು. ಬೆರಳ ತುದಿಗೆ ಅಂಟಿದ್ದ ಹಣ್ಣಿನ ರಸವೇ ರಕ್ತದ ಹನಿಗೆ ಬೆರೆತಿತ್ತು. ಆ ಅಂಕಿ ನಂಬಿ ಇನ್ಸುಲಿನ್ ಏರಿಸಿದ್ದರೆ ರಾತ್ರಿ ಏನಾಗುತ್ತಿತ್ತೋ.

ಹಾಗಾಗಿ ಸೋಪು ಮತ್ತು ನೀರಿನಿಂದ ತೊಳೆದು ಪೂರ್ತಿ ಒರೆಸುವುದೇ ಮೊದಲ ಕೆಲಸ. ಒದ್ದೆ ಕೈಯಲ್ಲಿ ಚುಚ್ಚಿದರೆ ರಕ್ತಕ್ಕೆ ನೀರು ಬೆರೆತು ಅಂಕಿ ಕಡಿಮೆ ಬರಬಹುದು. ಚುಚ್ಚುವುದು ಬೆರಳ ತುದಿಯ ಪಕ್ಕಕ್ಕೆ, ನಟ್ಟ ನಡುವೆ ಅಲ್ಲ. ಪಕ್ಕದಲ್ಲಿ ನೋವು ಕಡಿಮೆ. ದಿನಕ್ಕೊಂದು ಬೆರಳು ಬದಲಿಸಿ. ರಕ್ತ ಬರದಿದ್ದರೆ ಬೆರಳನ್ನು ಹಿಂಡಬೇಡಿ, ಕೈಯನ್ನು ಕೆಳಗೆ ಇಳಿಬಿಟ್ಟು ಅಂಗೈಯಿಂದ ಬೆರಳ ಕಡೆಗೆ ಮೆಲ್ಲಗೆ ನೀವಿ. ಕೈ ತೊಳೆಯಲು ಆಗದ ಜಾಗದಲ್ಲಿ ಮೊದಲ ಹನಿಯನ್ನು ಒರೆಸಿ ಎರಡನೆಯದನ್ನು ಬಳಸಿ.

ಸ್ಟ್ರಿಪ್ ಡಬ್ಬಿಯ ಮುಚ್ಚಳ ತೆಗೆದಷ್ಟೇ ಬೇಗ ಹಾಕಿ, ತೇವಾಂಶಕ್ಕೆ ಸ್ಟ್ರಿಪ್ ಕೆಡುತ್ತದೆ. ಅವಧಿ ಮುಗಿದ ಸ್ಟ್ರಿಪ್ ಬೇಡ. ಮನೆಯಲ್ಲಿ ಇಬ್ಬರಿಗೆ ಶುಗರ್ ಇದ್ದರೂ ಲ್ಯಾನ್ಸೆಟ್ ಹಂಚಿಕೊಳ್ಳಬಾರದು, ರಕ್ತದಿಂದ ಹರಡುವ ಸೋಂಕು ಅದರಲ್ಲೇ ದಾಟುತ್ತದೆ. ಮೀಟರಿಗೂ ಲ್ಯಾಬಿಗೂ ಶೇ 15ರಷ್ಟು ವ್ಯತ್ಯಾಸ ಬರುವುದು ಸಹಜ. ಅದಕ್ಕಾಗಿ ಹೊಸ ಮೀಟರ್ ಕೊಳ್ಳಬೇಕಿಲ್ಲ.

ಅಂಕಿಯ ಪಕ್ಕದಲ್ಲಿ ಹೊತ್ತು ಬರೆಯದಿದ್ದರೆ ಬರೆದೂ ಪ್ರಯೋಜನವಿಲ್ಲ. "170" ಎಂದಷ್ಟೇ ಇದ್ದರೆ ಖಾಲಿ ಹೊಟ್ಟೆಯದೋ ಊಟದ ನಂತರದ್ದೋ ಯಾರಿಗೆ ಗೊತ್ತಾಗಬೇಕು? ಎರಡು ಗಂಟೆಯನ್ನು ಊಟಕ್ಕೆ ಕೈ ಹಾಕಿದ ಕ್ಷಣದಿಂದ ಎಣಿಸಿ, ಕೈ ತೊಳೆದ ಮೇಲಿನಿಂದಲ್ಲ.

ಹಂತ 5: ಮಾತ್ರೆ ಮತ್ತು ಇನ್ಸುಲಿನ್

ವಾರಕ್ಕೊಮ್ಮೆ, ಒಂದೇ ದಿನ, ಒಬ್ಬರೇ ಡಬ್ಬಿ ತುಂಬಿಸಿ. ಇಬ್ಬರು ಕೈ ಹಾಕಿದರೆ ಒಂದು ಮನೆಯಲ್ಲಾದಂತೆ ಒಂದೇ ಮಾತ್ರೆ ಬೇರೆ ಬೇರೆ ಹೆಸರಿನಲ್ಲಿ ಎರಡು ಖಾನೆಗೆ ಬೀಳುತ್ತದೆ. ಮಾತ್ರೆಯ ಪಟ್ಟಿಯ ಮೇಲೆ ದೊಡ್ಡಕ್ಷರದಲ್ಲಿ ಕಂಪನಿ ಇಟ್ಟ ಹೆಸರು ಬಿಟ್ಟು ಅದರ ಕೆಳಗಿನ ಸಣ್ಣಕ್ಷರದ ಔಷಧದ ಹೆಸರು ಓದಿ.

ಒಂದು ಹೊತ್ತು ಮರೆತರೆ ಮುಂದಿನ ಹೊತ್ತಿಗೆ ಎರಡು ಕೊಡಬೇಡಿ. ನಿಧಾನವಾಗಿ ಕರಗುವಂತೆ ಮಾಡಿದ ಮಾತ್ರೆಗಳನ್ನು ಪುಡಿ ಮಾಡಬೇಡಿ, ಇಡೀ ದಿನದ ಡೋಸ್ ಒಂದೇ ಸಲಕ್ಕೆ ರಕ್ತಕ್ಕಿಳಿಯುತ್ತದೆ. ಇಂಥ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರ ಮಲದಲ್ಲಿ ಮಾತ್ರೆಯ ಆಕಾರ ಹಾಗೇ ಕಾಣಿಸಿಕೊಂಡರೆ ಹೆದರಬೇಡಿ. ಅದು ಖಾಲಿ ಚಿಪ್ಪು, ಔಷಧ ಒಳಗೇ ಕರಗಿರುತ್ತದೆ.

ಬಿಪಿ ಸರಿಯಾಯಿತೆಂದು ಮಾತ್ರೆ ನಿಲ್ಲಿಸುವುದು ಎಲ್ಲಕ್ಕಿಂತ ಸಾಮಾನ್ಯ ತಪ್ಪು. ಸರಿಯಾಗಿರುವುದೇ ಮಾತ್ರೆಯಿಂದ. ಆಮ್ಲೋಡಿಪಿನ್‌ನಿಂದ ಪಾದ ಊದಿದರೆ, ರಾಮಿಪ್ರಿಲ್ ಜಾತಿಯದ್ದರಿಂದ ಒಣಕೆಮ್ಮು ಬಂದರೆ ವೈದ್ಯರು ಬೇರೆಯದಕ್ಕೆ ಬದಲಿಸುತ್ತಾರೆ. ತುಟಿ, ನಾಲಿಗೆ ಊದಿದರೆ ಮಾತ್ರ ಅದು ತುರ್ತು, ಕೂಡಲೇ ಆಸ್ಪತ್ರೆಗೆ ಹೊರಡಿ.

ಕೇಳದೆ ಕೊಳ್ಳುವ ಔಷಧಗಳ ಮೇಲೆ ಕಣ್ಣಿರಲಿ. ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಗಳು ಬಿಪಿ ಏರಿಸುತ್ತವೆ, ಕಿಡ್ನಿಗೂ ಹೊರೆ. ಮೂಗು ಕಟ್ಟಿದ್ದನ್ನು ಬಿಡಿಸುವ ಕೆಲವು ಶೀತದ ಮಾತ್ರೆಗಳು ಬಿಪಿ ಏರಿಸುತ್ತವೆ. ಸ್ಟೀರಾಯ್ಡ್ ಶುಗರ್ ಏರಿಸುತ್ತದೆ.

ಇನ್ಸುಲಿನ್ ಇದ್ದರೆ: ತೆರೆಯದ ಬಾಟಲಿ, ಪೆನ್ನು ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಫ್ರೀಜರಿಗೆ ತಾಗಿ ಹೆಪ್ಪುಗಟ್ಟಿದ್ದನ್ನು ಎಸೆಯಿರಿ, ಕರಗಿಸಿ ಬಳಸುವಂತಿಲ್ಲ. ತೆರೆದದ್ದರ ಮೇಲೆ ದಿನಾಂಕ ಬರೆಯಿರಿ. ಹೆಚ್ಚಿನವು 28 ದಿನ ಬರುತ್ತವೆ, ನಿಮ್ಮದರ ಚೀಟಿ ನೋಡಿ. ಮೋಡದಂತೆ ಬೆಳ್ಳಗಿರುವ ಇನ್ಸುಲಿನ್ನನ್ನು ಅಂಗೈಗಳ ನಡುವೆ ಹತ್ತು ಸಲ ಉರುಳಿಸಿ ಒಂದೇ ಸಮನಾಗಿಸಿ, ಕುಲುಕಬೇಡಿ. ಪೆನ್ನಿಗೆ ಪ್ರತಿ ಸಲ ಹೊಸ ಸೂಜಿ ಹಾಕಿ, ಮೊದಲು 2 ಯೂನಿಟ್ ಗಾಳಿಗೆ ಬಿಟ್ಟು ಹನಿ ಬಂತೇ ನೋಡಿ, ಚುಚ್ಚಿ ಒತ್ತಿದ ಮೇಲೆ ಹತ್ತು ಎಣಿಸಿ ಸೂಜಿ ತೆಗೆಯಿರಿ. ಸಿರಿಂಜ್ ಬಳಸುವವರು ಬಾಟಲಿಯ ಮೇಲಿನ ಅಂಕಿಯೂ (ಯು-40 ಅಥವಾ ಯು-100, ಅಂದರೆ ಒಂದು ಮಿಲಿಲೀಟರಿನಲ್ಲಿ ಎಷ್ಟು ಯೂನಿಟ್ ಎಂಬುದು) ಸಿರಿಂಜಿನ ಅಂಕಿಯೂ ಒಂದೇ ಎಂದು ಖಚಿತ ಮಾಡಿಕೊಳ್ಳಿ. ಯು-100 ಇನ್ಸುಲಿನ್ನನ್ನು ಯು-40 ಸಿರಿಂಜಿನ 20ರ ಗೆರೆಯವರೆಗೆ ಎಳೆದರೆ ಒಳಗೆ ಹೋಗುವುದು 50 ಯೂನಿಟ್. ಇದು ಜೀವಕ್ಕೇ ಕುತ್ತು.

ಒಂದೇ ಜಾಗಕ್ಕೆ ದಿನವೂ ಚುಚ್ಚಿದರೆ ಚರ್ಮದಡಿ ರಬ್ಬರಿನಂಥ ಗಂಟು ಕಟ್ಟುತ್ತದೆ. ಅಲ್ಲಿ ನೋವಾಗುವುದಿಲ್ಲ, ಹಾಗಾಗಿ ರೋಗಿಗೆ ಅದೇ ಜಾಗ ಇಷ್ಟ. ಆದರೆ ಅಲ್ಲಿಂದ ಇನ್ಸುಲಿನ್ ಹೇಗೆ ಬೇಕೋ ಹಾಗೆ ರಕ್ತಕ್ಕೆ ಇಳಿಯುತ್ತದೆ. ಕಾರಣವಿಲ್ಲದೆ ಶುಗರ್ ಏರಿಳಿಯುತ್ತಿದೆ ಎನ್ನುವವರ ಹೊಟ್ಟೆಯನ್ನು ನಾನು ಮೊದಲು ಕೈಯಿಂದ ಸವರಿ ನೋಡುತ್ತೇನೆ. ಹಿಂದಿನ ಜಾಗದಿಂದ ಕನಿಷ್ಠ ಒಂದು ಬೆರಳಗಲ ಸರಿದು ಚುಚ್ಚಿ. ಗಂಟಿನಿಂದ ಒಳ್ಳೆಯ ಚರ್ಮಕ್ಕೆ ಬದಲಾಯಿಸುವ ದಿನ ಮೊದಲಿನ ಡೋಸೇ ಹೆಚ್ಚಾಗಿ ಶುಗರ್ ಇಳಿಯಬಹುದು, ವೈದ್ಯರನ್ನು ಕೇಳಿಯೇ ಬದಲಿಸಿ.

ಹಂತ 6: ಶುಗರ್ ಇಳಿದಾಗ

ಕೈನಡುಕ, ಬೆವರು, ಎದೆಬಡಿತ, ಹಸಿವು, ವಿನಾಕಾರಣ ಸಿಡುಕು, ಅಸಂಬದ್ಧ ಮಾತು. ಮೀಟರ್ 70ಕ್ಕಿಂತ ಕಡಿಮೆ ತೋರಿಸಿದರೆ ಕೂಡಲೇ ಸಿಹಿ ಕೊಡಬೇಕು, 54ಕ್ಕಿಂತ ಕೆಳಗಿದ್ದರೆ ಅದು ಗಂಭೀರ. ಮೀಟರ್ ಹತ್ತಿರ ಇಲ್ಲದಿದ್ದರೆ ಹುಡುಕುತ್ತಾ ಕೂರದೆ ಮೊದಲು ಸಿಹಿ ಕೊಡಿ.

ಎರಡೂ ಕಾಯಿಲೆಯ ಮನೆಯವರಿಗೆ ಒಂದು ವಿಶೇಷ ಎಚ್ಚರಿಕೆ. ಅಟೆನೊಲಾಲ್, ಮೆಟೊಪ್ರೊಲಾಲ್, ಪ್ರೊಪ್ರನೊಲಾಲ್ ಮುಂತಾದ ಬೀಟಾ ಬ್ಲಾಕರ್ ಗುಂಪಿನ ಬಿಪಿ ಮಾತ್ರೆ ತೆಗೆದುಕೊಳ್ಳುವವರಲ್ಲಿ ನಡುಕ, ಎದೆಬಡಿತ ಕಾಣಿಸದೇ ಹೋಗಬಹುದು. ಬೆವರು ಮಾತ್ರ ಬರುತ್ತದೆ. ಹಾಗಾಗಿ "ನಡುಕ ಇಲ್ಲವಲ್ಲ" ಎಂದು ಸುಮ್ಮನಾಗಬೇಡಿ, ಹಣೆ ಕತ್ತು ಮುಟ್ಟಿ ನೋಡಿ. ತಲೆಸುತ್ತಿಗೆ ಬಿಪಿ ಇಳಿದದ್ದೂ ಕಾರಣ, ಶುಗರ್ ಇಳಿದದ್ದೂ ಕಾರಣ. ಅನುಮಾನವಿದ್ದಾಗ ಶುಗರ್ ಮೊದಲು ನೋಡಿ.

ಎಚ್ಚರವಿದ್ದು ನುಂಗಬಲ್ಲವರಿಗೆ 15 ಗ್ರಾಂ ಗ್ಲುಕೋಸ್, ಅಥವಾ ಸುಮಾರು 4 ಟೀಚಮಚ ಸಕ್ಕರೆ ನೀರಿಗೆ ಹಾಕಿ, ಅಥವಾ ಅರ್ಧ ಲೋಟದಷ್ಟು ಹಣ್ಣಿನ ರಸ ಕೊಡಿ. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ಇನ್ನೂ 70ಕ್ಕಿಂತ ಕಡಿಮೆಯಿದ್ದರೆ ಅಷ್ಟೇ ಮತ್ತೊಮ್ಮೆ. ಏರಿದ ಮೇಲೆ ಊಟದ ಹೊತ್ತು ದೂರವಿದ್ದರೆ ಏನಾದರೂ ತಿನ್ನಿಸಿ. ಚಾಕೊಲೇಟ್ ಕೊಡಬೇಡಿ, ಅದರ ಕೊಬ್ಬಿನಿಂದಾಗಿ ಸಕ್ಕರೆ ರಕ್ತಕ್ಕೆ ತಡವಾಗಿ ಸೇರುತ್ತದೆ. ಅಕಾರ್ಬೋಸ್ ಅಥವಾ ವೋಗ್ಲಿಬೋಸ್ ತೆಗೆದುಕೊಳ್ಳುವವರಿಗೆ ಅಡುಗೆಮನೆಯ ಸಕ್ಕರೆ ಬೇಗ ಕೆಲಸ ಮಾಡುವುದಿಲ್ಲ. ಆ ಮಾತ್ರೆ ತಡೆಯುವುದೇ ಸಕ್ಕರೆ ಒಡೆಯುವುದನ್ನು. ಅವರಿಗೆ ಗ್ಲುಕೋಸೇ ಬೇಕು.

ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ, ಶ್ವಾಸನಾಳಕ್ಕೆ ಹೋಗುತ್ತದೆ. ಒಂದು ಮಗ್ಗುಲಿಗೆ ಮಲಗಿಸಿ ಆಂಬುಲೆನ್ಸ್ ಕರೆಯಿರಿ. ಶುಗರ್ ಏರಿಸುವ ಗ್ಲುಕಗಾನ್ ಔಷಧ ಮನೆಯಲ್ಲಿದ್ದು, ಕೊಡುವುದನ್ನು ಹೇಳಿಕೊಟ್ಟಿದ್ದರೆ ಕೊಡಿ. ಗ್ಲಿಮೆಪಿರೈಡ್ ಗುಂಪಿನ ಮಾತ್ರೆಯಿಂದ ಇಳಿದಿದ್ದರೆ, ಚೇತರಿಸಿಕೊಂಡಂತೆ ಕಂಡರೂ ಗಂಟೆಗಳ ನಂತರ ಮತ್ತೆ ಇಳಿಯಬಹುದು. ಇಂಥವರನ್ನು ರಾತ್ರಿ ಒಂಟಿಯಾಗಿ ಮಲಗಿಸಬೇಡಿ, ವೈದ್ಯರಿಗೆ ಅಂದೇ ತಿಳಿಸಿ.

ಹಂತ 7: ಊಟ, ಉಪ್ಪು, ನಡಿಗೆ

ಉಪ್ಪು ದಿನಕ್ಕೆ ಒಬ್ಬರಿಗೆ 5 ಗ್ರಾಂ, ಅಂದರೆ ಒಂದು ಟೀಚಮಚಕ್ಕೆ ಸ್ವಲ್ಪ ಕಡಿಮೆ, ಪ್ಯಾಕೆಟ್ ತಿನಿಸುಗಳ ಒಳಗಿರುವುದೂ ಸೇರಿ. "ಕಡಿಮೆ ಸೋಡಿಯಂ ಉಪ್ಪು" ಎಂದು ಮಾರುವುದರಲ್ಲಿ ಪೊಟ್ಯಾಸಿಯಂ ಇರುತ್ತದೆ. ಕಿಡ್ನಿ ತೊಂದರೆ ಇರುವವರು, ರಾಮಿಪ್ರಿಲ್, ಟೆಲ್ಮಿಸಾರ್ಟನ್, ಲೊಸಾರ್ಟನ್, ಸ್ಪೈರೊನೊಲ್ಯಾಕ್ಟೋನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಅದನ್ನು ಬಳಸಬಾರದು. ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯದ ಲಯ ತಪ್ಪುತ್ತದೆ.

ಊಟದ ಹೊತ್ತು ದಿನಕ್ಕೊಂದು ಆಗದಿರಲಿ. ನಡಿಗೆ ವಾರಕ್ಕೆ 150 ನಿಮಿಷ, ನಡುವೆ ಎರಡು ದಿನಕ್ಕಿಂತ ಹೆಚ್ಚು ಬಿಡುವು ಬೇಡ, ಜೇಬಿನಲ್ಲಿ ಗ್ಲುಕೋಸ್ ಇರಲಿ. ಕಣ್ಣಿನ ರೆಟಿನಾದಲ್ಲಿ ರಕ್ತಸ್ರಾವದ ಅಪಾಯವಿದೆ ಎಂದು ಹೇಳಿಸಿಕೊಂಡವರು ಭಾರ ಎತ್ತಬಾರದು.

ಹಂತ 8: ಪಾದ

ರಾತ್ರಿ ಮಲಗುವ ಮುನ್ನ, ಒಳ್ಳೆಯ ಬೆಳಕಿನಲ್ಲಿ, ಬೆರಳ ಸಂದಿಗಳನ್ನೂ ಬಿಡಿಸಿ ನೋಡಿ. ಕನ್ನಡಿ ಹಿಡಿದು ಅಂಗಾಲು ನೋಡಿ. ಸ್ಪರ್ಶ ಸತ್ತ ಕಾಲಿಗೆ ಮೊಳೆ ಚುಚ್ಚಿದರೂ ನೋಯುವುದಿಲ್ಲ, ಹಾಗಾಗಿ ನೋವಿಲ್ಲವೆಂಬುದನ್ನು ನಂಬಬೇಡಿ. ಕಾಲುಚೀಲದ ಮೇಲಿನ ಕಲೆಯೇ ಮೊದಲ ಸುಳಿವಾಗುವುದುಂಟು. ಬಿಳಿ ಕಾಲುಚೀಲ ಹಾಕಿಸಿ ಎನ್ನುವುದು ಅದಕ್ಕೇ.

ನೀರಿನ ಬಿಸಿಯನ್ನು ಮೊಣಕೈಯಿಂದ ನೋಡಿ, ಪಾದದಿಂದಲ್ಲ. ಪಾದ ನೆನೆಸಿಡಬೇಡಿ. ಕ್ರೀಮು ಪಾದಕ್ಕೆಲ್ಲ ಹಚ್ಚಿ, ಬೆರಳ ಸಂದಿಗೆ ಬೇಡ. ಉಗುರು ನೇರಕ್ಕೆ ಕತ್ತರಿಸಿ, ಮೂಲೆ ಕೊರೆಯಬೇಡಿ. ಆಣಿಯನ್ನು ಬ್ಲೇಡಿನಿಂದ ಕೆತ್ತಬೇಡಿ. ಮನೆಯೊಳಗೂ ಬರಿಗಾಲು ಬೇಡ, ಪಾದರಕ್ಷೆ ಹಾಕುವ ಮುನ್ನ ಒಳಗೆ ಕೈ ಹಾಕಿ ಸವರಿ ನೋಡಿ. ಹುಣ್ಣು, ಬೊಬ್ಬೆ, ಕಪ್ಪಾದ ಚರ್ಮ, ಒಂದು ಪಾದ ಮಾತ್ರ ಬಿಸಿಯಾಗಿ ಊದಿರುವುದು ಕಂಡರೆ ಅದೇ ದಿನ ತೋರಿಸಬೇಕು.

ಹಂತ 9: ಜ್ವರ, ವಾಂತಿ, ಭೇದಿಯ ದಿನ

ಈ ದಿನದ ಸೂಚನೆಯನ್ನು ಆರೋಗ್ಯವಾಗಿರುವಾಗಲೇ ವೈದ್ಯರಿಂದ ಬರೆಸಿಟ್ಟುಕೊಳ್ಳಿ. ಊಟ ಸೇರುತ್ತಿಲ್ಲವೆಂದು ಇನ್ಸುಲಿನ್ನನ್ನು ಪೂರ್ತಿ ನಿಲ್ಲಿಸುವುದು ದೊಡ್ಡ ತಪ್ಪು. ಜ್ವರಕ್ಕೇ ಶುಗರ್ ಏರುತ್ತದೆ, ಡೋಸ್ ಎಷ್ಟೆಂದು ಫೋನ್ ಮಾಡಿ ಕೇಳಿ. ಆದರೆ ಮೈಯಲ್ಲಿ ನೀರು ಬತ್ತುತ್ತಿರುವಾಗ ಮೆಟ್‌ಫಾರ್ಮಿನ್, ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್, ಮೂತ್ರ ಹೆಚ್ಚಿಸುವ ಮಾತ್ರೆ, ರಾಮಿಪ್ರಿಲ್ ಅಥವಾ ಟೆಲ್ಮಿಸಾರ್ಟನ್ ಜಾತಿಯ ಬಿಪಿ ಮಾತ್ರೆಗಳನ್ನು ಕೆಲವು ದಿನ ತಡೆಹಿಡಿಯಬೇಕಾಗಬಹುದು. ಯಾವುದು ನಿಲ್ಲಬೇಕು, ಯಾವಾಗ ಮತ್ತೆ ಶುರು ಮಾಡಬೇಕು ಎಂಬುದೇ ಆ ಚೀಟಿಯಲ್ಲಿರಬೇಕು. ಶುಗರ್ ನಾಲ್ಕು ಗಂಟೆಗೊಮ್ಮೆ ನೋಡಿ, ಗುಟುಕು ಗುಟುಕಾಗಿ ನೀರು ಕುಡಿಸಿ.

ಕಾಯದೆ ಆಸ್ಪತ್ರೆಗೆ ಹೊರಡಬೇಕಾದ ಲಕ್ಷಣಗಳು

ಬಿಪಿ 180/120 ದಾಟಿ, ಜೊತೆಗೆ ಎದೆನೋವು, ಉಸಿರಾಟದ ಕಷ್ಟ, ವಿಪರೀತ ತಲೆನೋವು, ದೃಷ್ಟಿ ಮಂಜು, ಗೊಂದಲ ಇದ್ದರೆ ತುರ್ತು. ಲಕ್ಷಣವೇನೂ ಇಲ್ಲದೆ ಅಂಕಿ ಮಾತ್ರ ಹೆಚ್ಚಿದ್ದರೆ ಐದು ನಿಮಿಷ ಕೂರಿಸಿ ಮತ್ತೆ ಅಳೆಯಿರಿ. ಹಾಗೇ ಇದ್ದರೆ ಅಂದೇ ವೈದ್ಯರಿಗೆ ಫೋನ್ ಮಾಡಿ. ನಾಲಿಗೆಯಡಿ ಇಡುವ ಮಾತ್ರೆಯಿಂದ ಬಿಪಿಯನ್ನು ದಿಢೀರ್ ಇಳಿಸಲು ಹೋಗಬೇಡಿ, ಮೆದುಳಿಗೆ ರಕ್ತ ಸಾಲದೇ ಹೋದೀತು.

ಬಾಯಿ ಸೊಟ್ಟಗಾಗುವುದು, ಒಂದು ಕೈ ಬೀಳುವುದು, ಮಾತು ತೊದಲುವುದು ಪಾರ್ಶ್ವವಾಯುವಿನ ಗುರುತು. ಶುರುವಾದ ಹೊತ್ತು ಬರೆದುಕೊಂಡು ಹೊರಡಿ. ಶುಗರ್ ಇಳಿದಾಗಲೂ ಹೀಗೇ ಕಾಣಬಹುದು, ಆದ್ದರಿಂದ ಆಂಬುಲೆನ್ಸ್ ಬರುವಷ್ಟರಲ್ಲಿ ಬೆರಳು ಚುಚ್ಚಿ ನೋಡಿ.

ಶುಗರ್ ಹೆಚ್ಚಿದ್ದು ವಾಂತಿ, ಹೊಟ್ಟೆನೋವು, ಆಳವಾದ ವೇಗದ ಉಸಿರು, ಕೊಳೆತ ಹಣ್ಣಿನಂಥ ಬಾಯಿವಾಸನೆ, ಮಂಪರು ಇದ್ದರೆ ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಡಾಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆಯವರಿಗೆ ಶುಗರ್ ಅಷ್ಟೇನೂ ಏರದೆಯೂ ಈ ಸ್ಥಿತಿ ಬರಬಹುದು. ಇನ್ನೊಂದು, ಸಕ್ಕರೆ ಕಾಯಿಲೆಯವರಿಗೆ ಹೃದಯಾಘಾತ ಎದೆನೋವಿಲ್ಲದೆಯೂ ಆಗುತ್ತದೆ. ಇದ್ದಕ್ಕಿದ್ದಂತೆ ಏದುಸಿರು, ತಣ್ಣನೆ ಬೆವರು, ವಿಪರೀತ ಸುಸ್ತು ಬಂದು ಶುಗರ್ ಸರಿಯಿದ್ದರೆ ಇಸಿಜಿ ಆಗಲೇಬೇಕು.

ಹಂತ 10: ಕೆಲಸವನ್ನು ರೋಗಿಯ ಕೈಗೆ ದಾಟಿಸುವುದು

ನೋಡಿಕೊಳ್ಳುವವರು ಎಲ್ಲವನ್ನೂ ತಾವೇ ಮಾಡುತ್ತಾ ಹೋದರೆ, ಅವರು ಊರಿಗೆ ಹೋದ ಎರಡು ದಿನದಲ್ಲಿ ಎಲ್ಲ ಕೆಡುತ್ತದೆ. ಒಂದೇ ಸಲಕ್ಕೆ ಎಲ್ಲವನ್ನೂ ಹೇಳಿಕೊಡುವುದೂ ಬೇಡ. ಮೊದಲ ವಾರ ಬಿಪಿ, ಎರಡನೆಯ ವಾರ ಶುಗರ್, ಆಮೇಲೆ ಪಾದ, ಕೊನೆಗೆ ಮಾತ್ರೆ ಡಬ್ಬಿ ಅಥವಾ ಇನ್ಸುಲಿನ್. ಕಣ್ಣು ಮಂಜಾದವರಿಗೆ, ಕೈನಡುಕದವರಿಗೆ ಇನ್ಸುಲಿನ್ ದಾಟಿಸದಿದ್ದರೂ ಸರಿ, ಚುಚ್ಚುವ ಜಾಗವನ್ನು ಅವರೇ ಆರಿಸಲಿ.

"ಗೊತ್ತಾಯ್ತಾ?" ಎಂದು ಕೇಳಬೇಡಿ, ಎಲ್ಲರೂ ಹೂಂ ಅನ್ನುತ್ತಾರೆ. "ಈಗ ನೀವು ಮಾಡಿ ತೋರಿಸಿ, ನಾನು ಕೈ ಕಟ್ಟಿ ಕೂರ್ತೀನಿ" ಎನ್ನಿ. ತಪ್ಪಿದಲ್ಲಿ ನಡುವೆ ಬಾಯಿ ಹಾಕದೆ ಮುಗಿದ ಮೇಲೆ ಆ ಒಂದು ಹೆಜ್ಜೆಯನ್ನಷ್ಟೇ ಮತ್ತೆ ಮಾಡಿಸಿ. ಶುಗರ್ ಹೆಚ್ಚು ಬಂದ ದಿನ ಬೈಯಬೇಡಿ. ಬೈದ ಮರುದಿನದಿಂದ ಪುಸ್ತಕದಲ್ಲಿ 110, 112, 110 ಎಂದು ಚೆಂದದ ಅಂಕಿಗಳು ಬರತೊಡಗುತ್ತವೆ. ಅಂಥ ಪುಸ್ತಕ ನೋಡಿದಾಗ ನಾನು ಮೀಟರಿನ ಮೆಮೊರಿ ತೆರೆಯುತ್ತೇನೆ. ಎಷ್ಟೋ ಸಲ ಅದರಲ್ಲಿ ವಾರದಿಂದ ಒಂದು ಅಳತೆಯೂ ಇರುವುದಿಲ್ಲ.

ಪುಸ್ತಕದ ಕೊನೆಯ ಪುಟದಲ್ಲಿ ತಪಾಸಣೆಯ ದಿನಾಂಕಗಳಿರಲಿ. ಎಚ್‌ಬಿಎ1ಸಿ ಮೂರು ತಿಂಗಳಿಗೊಮ್ಮೆ, ಸ್ಥಿರವಾದ ಮೇಲೆ ಆರು ತಿಂಗಳಿಗೊಮ್ಮೆ. ಕಣ್ಣಿನ ಪಾಪೆ ಅಗಲಿಸಿ ಮಾಡುವ ಪರೀಕ್ಷೆ, ಕಿಡ್ನಿಯ ಸ್ಥಿತಿ ತಿಳಿಸುವ ಮೂತ್ರದ ಅಲ್ಬುಮಿನ್ ಮತ್ತು ರಕ್ತದ ಕ್ರಿಯಾಟಿನಿನ್ ಪರೀಕ್ಷೆ, ಪಾದದ ಸ್ಪರ್ಶ ಪರೀಕ್ಷೆ ವರ್ಷಕ್ಕೊಮ್ಮೆಯಾದರೂ ಆಗಬೇಕು. ಭೇಟಿಗೆ ಹೋಗುವಾಗ ಪುಸ್ತಕ, ಮೀಟರ್, ಎಲ್ಲ ಮಾತ್ರೆಯ ಪಟ್ಟಿಗಳನ್ನು ಒಂದೇ ಚೀಲದಲ್ಲಿ ಹಾಕಿಕೊಳ್ಳಿ. ವರ್ಷಕ್ಕೊಮ್ಮೆ ಬಿಪಿ ಯಂತ್ರವನ್ನೂ ಒಯ್ದು ಅಲ್ಲಿನ ಯಂತ್ರದ ಜೊತೆ ಹೋಲಿಸಿ ನೋಡಿ.